ಒಂದು ಫೋಟೋ ತೆರೆಯಲು 12 ಸೆಕೆಂಡ್: ಹೊಸ ಲ್ಯಾಪ್‌ಟಾಪ್ ತಗೊಳ್ಳಲೇಬೇಕಾ?

ಗಿರಿತಪ್ಪಲು (ಚಿಕ್ಕಮಗಳೂರು) · ಬುಧವಾರ ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ಮದುವೆ ಫೋಟೋ ತೆಗೆಯುವುದು ನನ್ನ ಕೆಲಸ. 24 ಮೆಗಾಪಿಕ್ಸೆಲ್ ಕ್ಯಾಮೆರಾ, ಎಲ್ಲವೂ ರಾ ಫೈಲ್ (ಸೆನ್ಸರ್ ಕಂಡದ್ದನ್ನು ಇದ್ದ ಹಾಗೇ ಇಟ್ಟದ್ದು). ಅಡೋಬಿಯವರ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಎಡಿಟ್ ಮಾಡುತ್ತೇನೆ. ಲ್ಯಾಪ್‌ಟಾಪ್‌ಗೆ 4 ವರ್ಷ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಫೋಟೋಗಳು 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿವೆ.

ಒಂದು ತಿಂಗಳಿಂದ ಒಂದು ಫೋಟೋದಿಂದ ಮುಂದಿನದಕ್ಕೆ ಹೋಗಲು 12 ಸೆಕೆಂಡ್ ಬೇಕು. ಸುಮ್ನೆ ಹೇಳುತ್ತಿಲ್ಲ, ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟು ನೋಡಿದೆ. ಒಂದು ಮದುವೆಗೆ 2,800 ಫೋಟೋ ಅಂದರೆ ಕಾಯುವುದಕ್ಕೇ 9 ಗಂಟೆ 20 ನಿಮಿಷ. ಮೂರು ಆಲ್ಬಂ ಬಾಕಿ ಇದೆ. ಕಡೂರಿನ ಹೆಣ್ಣಿನ ಕಡೆಯವರು ದಿನಾ ಫೋನ್ ಮಾಡುತ್ತಾರೆ. ಮೊದಮೊದಲು "ಹೇಗಿದ್ದೀರಾ" ಎಂದು ಶುರು ಮಾಡುತ್ತಿದ್ದರು, ಈಗ ಅದೂ ಇಲ್ಲ.

ಅಂಗಡಿಯಲ್ಲಿ ಕೇಳಿದರೆ "ಹೊಸದು ತಗೊಳ್ಳಿ, 90 ಸಾವಿರ ಆಗುತ್ತೆ" ಎಂದರು. ಆಷಾಢ ಹತ್ತಿರ ಬರುತ್ತಿದೆ, ಆಮೇಲೆ ಕೈಯಲ್ಲಿ ಕೆಲಸ ಇರುವುದಿಲ್ಲ. ತಗೊಳ್ಳಲಾ ಬೇಡವಾ?

ಹೇಮಾವತಿ_ತೀರ (ಹಾಸನ) · ಬುಧವಾರ ರಾತ್ರಿ 11:20

ದುಡ್ಡು ತೆಗೆಯುವ ಮೊದಲು ಸ್ವಲ್ಪ ತಡೆಯಿರಿ ಸರ್. ಮೂರು ವಿಷಯ ಹೇಳಿ.

ಕ್ಯಾಟಲಾಗ್ ಎಲ್ಲಿದೆ? ಫೋಟೋ ಅಲ್ಲ, ನೀವು ಮಾಡಿದ ತಿದ್ದುಪಡಿಯೆಲ್ಲ ಬರೆದಿಡುವ ಲೈಟ್‌ರೂಮ್‌ನ ಕ್ಯಾಟಲಾಗ್ ಫೈಲ್ ಕೇಳುತ್ತಿದ್ದೇನೆ. ಎಕ್ಸ್‌ಟರ್ನಲ್ ಡಿಸ್ಕ್‌ನ ವೈರ್ ಯಾವ ಪೋರ್ಟ್‌ಗೆ ಹಾಕಿದ್ದೀರಿ, ಒಳಗೆ ನೀಲಿ ಇದೆಯಾ ಕಪ್ಪಾ? ಮತ್ತೆ, ಆ 12 ಸೆಕೆಂಡ್ ಕಾಯುವಾಗ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಸಿಪಿಯು ಎಷ್ಟು, ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ತೋರಿಸುತ್ತದೆ ನೋಡಿ.

ಸಿಪಿಯು 100ಕ್ಕೆ ಹೋಗುತ್ತಿದ್ದರೆ ಲ್ಯಾಪ್‌ಟಾಪ್‌ಗೆ ವಯಸ್ಸಾಗಿದೆ ಎಂದು ಒಪ್ಪಿಕೊಳ್ಳೋಣ. ಮೆಮೊರಿ ತುಂಬಿದ್ದರೆ ಇನ್ನೊಂದು 8 ಜಿಬಿ ಸೇರಿಸಿದರೆ ಸಾಕು. ಲೈಟ್‌ರೂಮ್‌ಗೆ 8 ಕನಿಷ್ಠ, 16 ಇದ್ದರೆ ಒಳ್ಳೆಯದು ಎಂದು ಅಡೋಬಿಯವರೇ ಹೇಳುತ್ತಾರೆ. ನನ್ನ ಅನುಮಾನ ಡಿಸ್ಕ್ ಮೇಲೆ.

ಮಂಟಪದ_ಮೂಲೆ (ಅರಸೀಕೆರೆ) · ಗುರುವಾರ ಬೆಳಿಗ್ಗೆ 6:35

ನಾನು ನೆಗೆಟಿವ್ ಕಾಲದವನು. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮದುವೆಗೆ ರಾ ಯಾಕೆ? ಜೆಪೆಗ್‌ನಲ್ಲಿ ತೆಗೆದರೆ ಫೈಲ್ ಚಿಕ್ಕದು, ತಕ್ಷಣ ತೆರೆಯುತ್ತದೆ, ಗಿರಾಕಿಗೂ ಸಂಜೆಗೇ ಕೊಡಬಹುದು. ಬೆಳಕು ಸರಿಯಾಗಿ ಅಳೆದು ತೆಗೆದರೆ ಆಮೇಲೆ ತಿದ್ದುವುದೇನಿದೆ? ನಾವು ಒಂದು ರೋಲ್‌ಗೆ 36 ಫೋಟೋದಲ್ಲಿ ಧಾರೆ ಮುಗಿಸುತ್ತಿದ್ದೆವು. ಈಗ 2,800 ಅಂತೆ. ಊಟಕ್ಕೆ ಕೂತವರ ಎಲೆ ಎಲೆಯನ್ನೂ ತೆಗೆಯುತ್ತೀರೋ ಏನೋ.

ಕಲ್ಲುಕಣ್ಣು (ಬೇಲೂರು) · ಗುರುವಾರ ಬೆಳಿಗ್ಗೆ 8:10

ಎಲೆ ಎಲೆಯನ್ನೂ ತೆಗೆಯುತ್ತೇವೆ ಸರ್, ತೆಗೆಯದಿದ್ದರೆ ಬೀಗರು ಬಿಡುವುದಿಲ್ಲ.

ಆದರೆ ರಾ ವಿಷಯದಲ್ಲಿ ನಿಮ್ಮ ಮಾತು ಒಪ್ಪುವುದಿಲ್ಲ. ನಾನು ದೇವಸ್ಥಾನಗಳ ಫೋಟೋ ತೆಗೆಯುವವನು. 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಈ ಕೆಲಸವೇ ಜಾಸ್ತಿ. ಚೆನ್ನಕೇಶವನ ಗುಡಿಯ ಮದನಿಕೆಯರನ್ನು ನೋಡಿದ್ದೀರಲ್ಲ? ಅವರು ನಿಂತಿರುವುದು ಚಾವಣಿಯ ಅಂಚಿನ ಕೆಳಗೆ, ನೆರಳಿನಲ್ಲಿ. ಹಿಂದೆ ಬೆಳ್ಳಗೆ ಉರಿಯುವ ಆಕಾಶ. ಕಲ್ಲೋ ಕಪ್ಪು ಬಳಪದ ಕಲ್ಲು. ಆಕಾಶಕ್ಕೆ ಅಳೆದರೆ ಮುಖ ಮಸಿ. ಮುಖಕ್ಕೆ ಅಳೆದರೆ ಆಕಾಶ ಸುಣ್ಣ. ಬೆಳಕು ಎಷ್ಟು ಸರಿಯಾಗಿ ಅಳೆದರೂ ಇದು ತಪ್ಪುವುದಿಲ್ಲ.

ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 8 ಬಿಟ್. ಅಂದರೆ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು. 14 ಬಿಟ್ ರಾದಲ್ಲಿ ಅದೇ ದೂರಕ್ಕೆ 16,384 ಮೆಟ್ಟಿಲು. ನೆರಳನ್ನು ಮೇಲಕ್ಕೆ ಎಳೆದಾಗ ಜೆಪೆಗ್ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ರಾದಲ್ಲಿ ಮದನಿಕೆಯ ಕೈಬಳೆಯ ಕೆತ್ತನೆಯೂ ಬರುತ್ತದೆ. ಛತ್ರದಲ್ಲೂ ಇದೇ ಕತೆ. ಒಂದು ಕಡೆ ವಿಡಿಯೊದವರ ಬಿಳಿ ಲೈಟು, ಇನ್ನೊಂದು ಕಡೆ ಹಳದಿ ಬಲ್ಬು, ಮೇಲೆ ನೇರಳೆ ಎಲ್‌ಇಡಿ. ರಾದಲ್ಲಿ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಅನ್ನುವುದು ಫೈಲ್ ಜೊತೆ ಬರೆದಿಟ್ಟ ಒಂದು ಚೀಟಿ ಮಾತ್ರ, ಆಮೇಲೆ ಬದಲಾಯಿಸಬಹುದು. ಜೆಪೆಗ್‌ನಲ್ಲಿ ಅದು ಹಿಟ್ಟಿನಲ್ಲಿ ಕಲಸಿಹೋದ ಉಪ್ಪು.

ಮಂಟಪದ_ಮೂಲೆ (ಅರಸೀಕೆರೆ) · ಗುರುವಾರ ಬೆಳಿಗ್ಗೆ 8:41

ಉಪ್ಪಿನ ಮಾತು ಒಪ್ಪಿದೆ. ಆದರೆ ನನ್ನ ನೆಗೆಟಿವ್‌ಗಳು ಬಿಸ್ಕತ್ ಡಬ್ಬದಲ್ಲಿ ಇನ್ನೂ ಇವೆ. ನಿಮ್ಮವು ಎಲ್ಲಿವೆ ಅಂತ ಇನ್ನು 30 ವರ್ಷ ಬಿಟ್ಟು ಕೇಳುತ್ತೇನೆ.

ಗಿರಿತಪ್ಪಲು (ಚಿಕ್ಕಮಗಳೂರು) · ಗುರುವಾರ ಬೆಳಿಗ್ಗೆ 9:15

ಹೇಮಾವತಿ ಸರ್, ನೋಡಿದೆ. ಸಿಪಿಯು 15, ಮೆಮೊರಿ 80, ಎಕ್ಸ್‌ಟರ್ನಲ್ ಡಿಸ್ಕ್ 100. ಕಾಯುವಷ್ಟು ಹೊತ್ತೂ 100ರಲ್ಲೇ ನಿಂತಿರುತ್ತದೆ. ಪೋರ್ಟ್ ಕಪ್ಪು. ನೀಲಿ ಪೋರ್ಟ್‌ಗೆ ಮೌಸ್ ಹಾಕಿದ್ದೇನೆ (ನಗಬೇಡಿ).

ಕ್ಯಾಟಲಾಗ್ ಮೊದಲು ಸಿ ಡ್ರೈವ್‌ನಲ್ಲಿತ್ತು. ಜಾಗ ತುಂಬಿತು ಎಂದು ದೀಪಾವಳಿ ಹೊತ್ತಿಗೆ ಅದನ್ನೂ ಪ್ರಿವ್ಯೂಗಳನ್ನೂ (ಬೇಗ ತೋರಿಸಲು ಲೈಟ್‌ರೂಮ್ ಕಟ್ಟಿಕೊಳ್ಳುವ ಪ್ರತಿಗಳು) ಎಕ್ಸ್‌ಟರ್ನಲ್‌ಗೇ ಹಾಕಿದೆ.

ಇನ್ನೊಂದು. ಡಿಸ್ಕ್‌ನಿಂದ ಆಗಾಗ ಟಿಕ್ ಟಿಕ್ ಎಂದು ಸದ್ದು ಬರುತ್ತದೆ. ಅದು ಮಾಮೂಲಾ?

ಹೇಮಾವತಿ_ತೀರ (ಹಾಸನ) · ಗುರುವಾರ ಬೆಳಿಗ್ಗೆ 9:22

ಕಪ್ಪು ಪೋರ್ಟ್ ಅಂದರೆ ಸಾಮಾನ್ಯವಾಗಿ ಯುಎಸ್‌ಬಿ 2. ಸೆಕೆಂಡಿಗೆ 35 ಎಂಬಿ ಬಂದರೆ ಹೆಚ್ಚು. ನೀಲಿಯದರಲ್ಲಿ ಅದೇ ಡಿಸ್ಕ್ 100ರ ಹತ್ತಿರ ಕೊಡಬೇಕು. ಆದರೆ ಲೆಕ್ಕ ಹಾಕಿ: ನಿಮ್ಮ ರಾ ಫೈಲ್ ಒಂದು 25 ಎಂಬಿ ಇರಬಹುದು. ಅದನ್ನು ಓದಲು ಕಪ್ಪು ಪೋರ್ಟ್‌ನಲ್ಲೂ 1 ಸೆಕೆಂಡ್ ಸಾಕು. ಕ್ಯಾಟಲಾಗ್, ಪ್ರಿವ್ಯೂ, ಫೋಟೋ ಮೂರೂ ಒಂದೇ ಡಿಸ್ಕ್‌ನಲ್ಲಿರುವುದರಿಂದ ಅದರ ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡುತ್ತದೆ, ಇನ್ನೂ 2 ಸೆಕೆಂಡ್ ಇಟ್ಟುಕೊಳ್ಳಿ. ಉಳಿದ 9 ಸೆಕೆಂಡ್ ಎಲ್ಲಿ ಹೋಯಿತು?

ಟಿಕ್ ಟಿಕ್ ಮಾಮೂಲಲ್ಲ.

ಕಾಜಾಣ (ಕೊಪ್ಪ) · ಗುರುವಾರ ಬೆಳಿಗ್ಗೆ 9:30

ಮಾರಾಯ್ರೆ, ಈಗಲೇ ಲೈಟ್‌ರೂಮ್ ಮುಚ್ಚಿ. ಡಿಸ್ಕನ್ನು ಸರಿಯಾಗಿ ಇಜೆಕ್ಟ್ ಮಾಡಿ ತೆಗೆದಿಡಿ. ಆಮೇಲೆ ಉಳಿದ ಮಾತು.

ಆ 9 ಸೆಕೆಂಡ್ ಎಲ್ಲಿ ಹೋಯಿತು ಎಂದು ನಾನು ಹೇಳುತ್ತೇನೆ. ಡಿಸ್ಕ್ ಒಂದು ಜಾಗವನ್ನು ಓದಲು ನೋಡುತ್ತದೆ, ಆಗುವುದಿಲ್ಲ. ಮತ್ತೆ ನೋಡುತ್ತದೆ. ಮತ್ತೆ. ನಮಗೆ ಹೊರಗಿನಿಂದ "ಸಾಫ್ಟ್‌ವೇರ್ ನಿಧಾನ" ಎಂದು ಕಾಣುತ್ತದೆ.

ನನಗೂ ಹೀಗೇ ಆಗಿತ್ತು. ನಾನು ಹಕ್ಕಿ ಫೋಟೋ ತೆಗೆಯುತ್ತೇನೆ. ಬೇಸಿಗೆಯಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಹೊಳೆ ರೀವ ಹಕ್ಕಿಗಳು ಮೊಟ್ಟೆ ಇಡುತ್ತವೆ. ಮರಿಗೆ ಮೀನು ತಿನ್ನಿಸುವ ಒಂದು ಸರಣಿ ಸಿಕ್ಕಿತ್ತು. ತಾಯಿ ಇಳಿಯುವುದು, ಮರಿ ಬಾಯಿ ತೆರೆಯುವುದು, ಮೀನು ಜಾರಿ ಮರಳಿಗೆ ಬೀಳುವುದು. ಮನೆಗೆ ಬಂದು ಡಿಸ್ಕ್‌ಗೆ ಹಾಕಿ, ಕ್ಯಾಮೆರಾದ ಕಾರ್ಡ್ ಫಾರ್ಮ್ಯಾಟ್ ಮಾಡಿ, ಮರುದಿನ ಅದೇ ಕಾರ್ಡ್‌ನಲ್ಲಿ ನಾಮಕರಣ ತೆಗೆದೆ. ಅದೇ ವಾರ ಡಿಸ್ಕ್ ಮೇಜಿನಿಂದ ಬಿತ್ತು. ಬಿದ್ದ ಮೇಲೂ ಎರಡು ದಿನ ಓಡಿತು ನೋಡಿ, ಅದೇ ಮೋಸ. ನಡುನಡುವೆ ಟಿಕ್ ಟಿಕ್. ನಾನು ಎಡಿಟ್ ಮಾಡುತ್ತಾ ಕೂತೆ. ಮೂರನೇ ದಿನ ಕಂಪ್ಯೂಟರ್‌ಗೆ ಅದು ಕಾಣಲೇ ಇಲ್ಲ. ಬೆಂಗಳೂರಿನ ಒಂದು ಕಡೆ ತೆಗೆದುಕೊಡಲು ಕೇಳಿದ ಮೊತ್ತಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಲೆನ್ಸ್ ಬರುತ್ತಿತ್ತು. ಕೊಡಲಿಲ್ಲ. ಆ ಮರಿಯ ಫೋಟೋ ಈಗ ನನ್ನ ಹತ್ತಿರ ಇರುವುದು ವಾಟ್ಸಾಪ್‌ನಲ್ಲಿ ಅಣ್ಣನಿಗೆ ಕಳಿಸಿದ್ದ ಒಂದೇ ಒಂದು.

ನಿಮ್ಮ ಹತ್ತಿರ ಇನ್ನೊಂದು ಪ್ರತಿ ಇದೆಯಾ?

ಗಿರಿತಪ್ಪಲು (ಚಿಕ್ಕಮಗಳೂರು) · ಗುರುವಾರ ಬೆಳಿಗ್ಗೆ 9:34

ಇಲ್ಲ ಅಕ್ಕ. 11 ಮದುವೆ ಇದೆ ಅದರಲ್ಲಿ. ಮೂರರ ಆಲ್ಬಂ ಇನ್ನೂ ಕೊಟ್ಟಿಲ್ಲ. ಕೈ ಕಾಲು ಆಡುತ್ತಿಲ್ಲ.

ಪ್ರತಿ ಸಲ ಲೈಟ್‌ರೂಮ್ ಮುಚ್ಚುವಾಗ "ಬ್ಯಾಕಪ್ ಮಾಡಲೇ" ಎಂದು ಕೇಳುತ್ತಿತ್ತು. ಹೂಂ ಎಂದಿದ್ದೇನೆ. ಅದು ಉಪಯೋಗಕ್ಕೆ ಬರುತ್ತದಾ?

ಹೇಮಾವತಿ_ತೀರ (ಹಾಸನ) · ಗುರುವಾರ ಬೆಳಿಗ್ಗೆ 9:50

ಅದು ಕ್ಯಾಟಲಾಗ್‌ನ ಬ್ಯಾಕಪ್ ಮಾತ್ರ. ಯಾವ ಫೋಟೋಗೆ ಎಷ್ಟು ಎಕ್ಸ್‌ಪೋಷರ್, ಎಷ್ಟು ಸ್ಟಾರ್, ಎಲ್ಲಿ ಕ್ರಾಪ್ ಎಂಬ ಲೆಕ್ಕದ ಪುಸ್ತಕ. ಫೋಟೋ ಒಂದೂ ಅದರೊಳಗೆ ಇರುವುದಿಲ್ಲ. ಈ ಒಂದು ವಿಷಯಕ್ಕೆ ಎಷ್ಟು ಜನ ಮೋಸ ಹೋಗಿದ್ದಾರೋ.

ಗಾಬರಿ ಬೇಡ. ಡಿಸ್ಕ್ ಇನ್ನೂ ಓದುತ್ತಿದೆ. ಈಗ ಹೀಗೆ ಮಾಡಿ. ಮೊದಲು ಪೇಟೆಗೆ ಹೋಗಿ ಹೊಸ ಡಿಸ್ಕ್ ತನ್ನಿ. ಅದು ಬರುವವರೆಗೆ ಹಳೆಯದನ್ನು ಮುಟ್ಟಬೇಡಿ. ಬಂದ ಮೇಲೆ ಎರಡನ್ನೂ ಬೇರೆ ಬೇರೆ ಪೋರ್ಟ್‌ಗೆ ಹಾಕಿ, ಹಳೆಯದು ನೀಲಿಗೆ. ಮೌಸ್ ಕಪ್ಪಿಗೆ ಹೋಗಲಿ ಪಾಪ.

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಂ ಹಾಕಿ ಹಳೆ ಡಿಸ್ಕ್ ಆರೋಗ್ಯ ನೋಡಿ. "ಕರೆಂಟ್ ಪೆಂಡಿಂಗ್ ಸೆಕ್ಟರ್" ಎಂಬ ಸಾಲಿನ ಕೊನೆಯ ಅಂಕಿ ಹೇಳಿ. ಅಲ್ಲಿ ಅಂಕಿಗಳು ಹದಿನಾರರ ಲೆಕ್ಕದಲ್ಲಿರುತ್ತವೆ, ಎಬಿಸಿಡಿ ಕಂಡರೆ ಹೆದರಬೇಡಿ.

ಡಿಸ್ಕ್ ರಿಪೇರಿ ಮಾಡುವ ಚೆಕ್ ಡಿಸ್ಕ್ ಓಡಿಸಬೇಡಿ. ವಿಂಡೋಸ್ "ಈ ಡ್ರೈವ್ ಸರಿಪಡಿಸಲೇ" ಎಂದು ಕೇಳಿದರೆ ಬೇಡ ಎನ್ನಿ. ಫೈಲ್‌ಗಳನ್ನು ಸಾಲಾಗಿ ಜೋಡಿಸುವ ಡಿಫ್ರ್ಯಾಗ್ ಮಾಡಬೇಡಿ. ಕಾಯಿಲೆ ಬಿದ್ದವರಿಂದ ಮನೆ ಗುಡಿಸಿಸುವುದಿಲ್ಲ ಅಲ್ವಾ.

ರಂಗೋಲಿ_ಪಿಕ್ಸೆಲ್ (ಸಕಲೇಶಪುರ) · ಗುರುವಾರ ಬೆಳಿಗ್ಗೆ 10:05

ಡಿಸ್ಕನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಟ್ಟರೆ ಸರಿಹೋಗುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದ್ದೆ.

ಕಾಜಾಣ (ಕೊಪ್ಪ) · ಗುರುವಾರ ಬೆಳಿಗ್ಗೆ 10:07

ಅಯ್ಯೋ ಬೇಡ ಮಾರಾಯ್ರೆ. ಹೊರಗೆ ತೆಗೆದ ಕೂಡಲೇ ತಣ್ಣಗಿನ ಚೊಂಬಿನ ಮೇಲೆ ಬೆವರು ಕೂರುವ ಹಾಗೆ ಒಳಗೆ ನೀರು ಕೂರುತ್ತದೆ. ಅದೂ ನಮ್ಮ ಮಲೆನಾಡಿನ ಗಾಳಿಯಲ್ಲಿ. ಫ್ರಿಜ್‌ನಲ್ಲಿ ದೋಸೆ ಹಿಟ್ಟು ಇಡಿ.

ಗಿರಿತಪ್ಪಲು (ಚಿಕ್ಕಮಗಳೂರು) · ಗುರುವಾರ ಮಧ್ಯಾಹ್ನ 1:40

2 ಟಿಬಿ ಹೊಸ ಡಿಸ್ಕ್ ತಂದೆ. ಆ ಸಾಲಿನಲ್ಲಿ ಸೊನ್ನೆಗಳಾದ ಮೇಲೆ 30 ಎಂದಿದೆ. ಮೇಲೆ ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸುತ್ತಿದೆ.

ಹೇಮಾವತಿ_ತೀರ (ಹಾಸನ) · ಗುರುವಾರ ಮಧ್ಯಾಹ್ನ 1:58

ಹದಿನಾರರ ಲೆಕ್ಕದ 30 ಅಂದರೆ ನಮ್ಮ 48. ಓದಲಾಗದ ಜಾಗ 48 ಕಡೆ ಸಿಕ್ಕಿದೆ. ಕಡಿಮೆಯೇ. ಆದರೆ ಹೆಚ್ಚುತ್ತಾ ಹೋಗುತ್ತದೆ, ಹಾಗಾಗಿ ಇವತ್ತೇ ಕೆಲಸ ಮುಗಿಸಬೇಕು.

ಸಾಮಾನ್ಯವಾಗಿ ಎಳೆದು ಬಿಡುವ ಕಾಪಿ ಬೇಡ, ಒಂದು ಫೈಲ್ ಓದಲಾಗದಿದ್ದರೆ ಅಲ್ಲೇ ನಿಂತು ಪ್ರಶ್ನೆ ಕೇಳುತ್ತದೆ. ವಿಂಡೋಸ್ ಒಳಗೇ ರೋಬೊಕಾಪಿ ಎಂಬ ಕಮಾಂಡ್ ಇದೆ. ಆದರೆ ಅದನ್ನು ಇದ್ದ ಹಾಗೆ ಓಡಿಸಿದರೆ ಇನ್ನೊಂದು ಗಂಡಾಂತರ: ಓದಲಾಗದ ಒಂದು ಫೈಲ್ ಸಿಕ್ಕರೆ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ತಮಾಷೆ ಅಲ್ಲ, ಅದರ ಡಿಫಾಲ್ಟೇ ಅದು. ಮರುಪ್ರಯತ್ನ 1, ಕಾಯುವುದು 1 ಸೆಕೆಂಡ್ ಎಂದು ಬರೆದು ಕೊಡಬೇಕು. ಪೂರ್ತಿ ಸಾಲನ್ನು ನಿಮಗೆ ಮೆಸೇಜ್ ಮಾಡಿದ್ದೇನೆ. "ಮಿರರ್" ಆಯ್ಕೆಯನ್ನು ಮಾತ್ರ ಎಂದೂ ಹಾಕಬೇಡಿ, ಅದು ಹೊಸ ಕಡೆ ಇದ್ದು ಹಳೆ ಕಡೆ ಇಲ್ಲದ್ದನ್ನು ಅಳಿಸುತ್ತದೆ.

ಮೊದಲು ಕ್ಯಾಟಲಾಗ್ ಫೈಲ್. ಚಿಕ್ಕದು, ಬೇಗ ಬರುತ್ತದೆ. ಆಮೇಲೆ ಆಲ್ಬಂ ಕೊಡದ ಮೂರು ಮದುವೆ, ಕಡೂರಿನದು ಮೊದಲು. ಆಮೇಲೆ ಉಳಿದ 8. ಪ್ರಿವ್ಯೂ ಫೋಲ್ಡರ್ ಬೇಡವೇ ಬೇಡ, ಅದನ್ನು ಲೈಟ್‌ರೂಮ್ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಡಿಸ್ಕ್ ಸಮತಟ್ಟಾಗಿ ಇರಲಿ, ಫ್ಯಾನ್ ಗಾಳಿ ಬೀಳಲಿ. ಟಿಕ್ ಟಿಕ್ ನಿಲ್ಲದೇ ಬರುತ್ತಿದ್ದರೆ ಬಿಟ್ಟುಬಿಡಿ, ಆಗ ಅದು ನಮ್ಮ ಕೈ ಮೀರಿದ್ದು, ಲ್ಯಾಬಿಗೇ ಹೋಗಬೇಕು.

ಗಿರಿತಪ್ಪಲು (ಚಿಕ್ಕಮಗಳೂರು) · ಗುರುವಾರ ಮಧ್ಯಾಹ್ನ 2:30

ಶುರು ಮಾಡಿದೆ. ಕ್ಯಾಟಲಾಗ್ ಬಂತು. ಸುಮಾರು 770 ಜಿಬಿ ಇದೆ. ಪಕ್ಕದಲ್ಲೇ ಕೂತಿದ್ದೇನೆ. ಹೊರಗೆ ಮಳೆ, ಎರಡು ಸಲ ಕರೆಂಟ್ ಹೋಗಿ ಬಂತು. ಲ್ಯಾಪ್‌ಟಾಪ್ ಆದ್ದರಿಂದ ಬಚಾವ್.

ರಂಗೋಲಿ_ಪಿಕ್ಸೆಲ್ (ಸಕಲೇಶಪುರ) · ಗುರುವಾರ ಸಂಜೆ 4:15

ಅಣ್ಣ ಕಾಯುತ್ತಿರುವಾಗ ನನ್ನದೊಂದು ಪ್ರಶ್ನೆ ಕೇಳಲಾ? ನಾನಿನ್ನೂ ಕಲಿಯುತ್ತಿದ್ದೇನೆ. ಮಂಜರಾಬಾದ್ ಕೋಟೆಯ ಮೇಲೆ ಮೋಡ ತೆಗೆದಿದ್ದೆ. ರಾ ಫೈಲ್ ತೆರೆದ ಕ್ಷಣ ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತಾ. ಒಂದು ಸೆಕೆಂಡ್ ಬಿಟ್ಟು ತಾನಾಗೇ ಮಂಕಾಗುತ್ತದೆ. ಸಾಫ್ಟ್‌ವೇರ್ ನನ್ನ ಫೋಟೋ ಹಾಳು ಮಾಡುತ್ತಿದೆಯಾ?

ಕಲ್ಲುಕಣ್ಣು (ಬೇಲೂರು) · ಗುರುವಾರ ಸಂಜೆ 4:40

ಹಾಳು ಮಾಡುತ್ತಿಲ್ಲ ತಂಗಿ. ನೀನು ಮೊದಲು ನೋಡುವುದು ರಾ ಅಲ್ಲವೇ ಅಲ್ಲ. ಪ್ರತಿ ರಾ ಫೈಲ್ ಒಳಗೆ ಕ್ಯಾಮೆರಾ ಒಂದು ಜೆಪೆಗ್ ಇಟ್ಟಿರುತ್ತದೆ, ಹಿಂದಿನ ಸ್ಕ್ರೀನಿನಲ್ಲಿ ತೋರಿಸಲು. ಅದಕ್ಕೆ ಕ್ಯಾಮೆರಾದವರೇ ಬಣ್ಣ, ಕಾಂಟ್ರಾಸ್ಟ್ ಎಲ್ಲ ಬಳಿದಿರುತ್ತಾರೆ. ಮೊದಲ ಕ್ಷಣ ಅದು ಕಾಣುತ್ತದೆ. ಅಷ್ಟರಲ್ಲಿ ಸಾಫ್ಟ್‌ವೇರ್ ನಿಜವಾದ ರಾವನ್ನು ಬೇಯಿಸಿ ಮುಂದಿಡುತ್ತದೆ.

ಬೇಯಿಸುವುದು ಅಂದರೆ ಏನು ಗೊತ್ತಾ? ಸೆನ್ಸರ್‌ನ ಒಂದೊಂದು ಚುಕ್ಕಿಗೆ ಒಂದೊಂದೇ ಬಣ್ಣ ಕಾಣುವುದು. ಒಂದಕ್ಕೆ ಕೆಂಪು, ಪಕ್ಕದ್ದಕ್ಕೆ ಹಸಿರು, ಕೆಳಗಿನದಕ್ಕೆ ನೀಲಿ. ಹಸಿರು ಚುಕ್ಕಿ ಕೆಂಪಿನ ಎರಡರಷ್ಟು, ನೀಲಿಯ ಎರಡರಷ್ಟು. ಕೊಡಾಕ್‌ನ ಬ್ರೈಸ್ ಬೇಯರ್ ಮಾಡಿದ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಬಂತು, ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದೇ. ಅಂದರೆ 24 ಮೆಗಾಪಿಕ್ಸೆಲ್ ಫೋಟೋದಲ್ಲಿ ಪ್ರತಿ ಚುಕ್ಕಿಯ ಮೂರರಲ್ಲಿ ಎರಡು ಬಣ್ಣ ಅಕ್ಕಪಕ್ಕದವರನ್ನು ಕೇಳಿ ಊಹಿಸಿದ್ದು. ಬಿಡಿಸಿಟ್ಟ ಚುಕ್ಕಿ ನೋಡಿ ರಂಗೋಲಿ ತುಂಬಿದ ಹಾಗೆ, ನಿನ್ನ ಹೆಸರಿನಲ್ಲೇ ಇದೆ ನೋಡು. 2 ಕೋಟಿ 40 ಲಕ್ಷ ಚುಕ್ಕಿಗೆ ಈ ಲೆಕ್ಕ. ಅದಕ್ಕೇ ರಾ ತೆರೆಯಲು ಜೆಪೆಗ್‌ಗಿಂತ ಜಾಸ್ತಿ ಹೊತ್ತು.

ಪ್ರೊಫೈಲ್ ಎಂಬಲ್ಲಿ ಹೋಗಿ ನಿನ್ನ ಕ್ಯಾಮೆರಾದ ಸ್ಟ್ಯಾಂಡರ್ಡ್ ಆಯ್ಕೆ ಮಾಡು. ಮೊದಲು ಕಂಡ ಬಣ್ಣದ ಹತ್ತಿರ ಬರುತ್ತದೆ.

ಬಿಟ್ಟಿ_ಪೆಂಗ್ವಿನ್ (ಹಾಸನ) · ಗುರುವಾರ ಸಂಜೆ 6:20

ತಡವಾಗಿ ಬಂದೆ. ಲೈಟ್‌ರೂಮ್‌ಗೆ ತಿಂಗಳು ತಿಂಗಳು ಬಾಡಿಗೆ ಕಟ್ಟದೆ, ಅದೇ ಕೆಲಸ ಮಾಡುವ ಡಾರ್ಕ್‌ಟೇಬಲ್ ಬಳಸಿ ಎಂದು ಹೇಳಲು ಬಂದದ್ದು. ಉಚಿತ, ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಓಡುತ್ತದೆ, ಗ್ರಾಫಿಕ್ಸ್ ಕಾರ್ಡಿನ ಸಹಾಯವನ್ನೂ ತಗೊಳ್ಳುತ್ತದೆ.

ಈ ಕತೆಗೆ ಸಂಬಂಧಪಟ್ಟ ಒಂದು ಮಾತು ಇದೆ. ಡಾರ್ಕ್‌ಟೇಬಲ್ ನೀವು ಮಾಡಿದ ತಿದ್ದುಪಡಿಯನ್ನು ಪ್ರತಿ ಫೋಟೋ ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲ್ ಆಗಿ ತಾನೇ ಬರೆದಿಡುತ್ತದೆ. ಫೋಲ್ಡರ್ ಎತ್ತಿಕೊಂಡು ಹೋದರೆ ಕೆಲಸವೂ ಜೊತೆಗೆ ಬರುತ್ತದೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಇದು ಇದೆ, ಆದರೆ ಆಫ್ ಆಗಿರುತ್ತದೆ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ ಹೋಗಿ ಆನ್ ಮಾಡಬೇಕು. ಕ್ಯಾಟಲಾಗ್ ಹಾಳಾದರೂ ಎಕ್ಸ್‌ಪೋಷರ್, ಬಣ್ಣ, ಕ್ರಾಪ್ ಎಲ್ಲ ಉಳಿಯುತ್ತದೆ.

ಹೇಮಾವತಿ_ತೀರ (ಹಾಸನ) · ಗುರುವಾರ ಸಂಜೆ 6:45

ಎಕ್ಸ್‌ಎಂಪಿ ಮಾತು ಸರಿ ಗುರುವೇ. ಆದರೆ ಸೀಸನ್ ನಡುವೆ ಸಾಫ್ಟ್‌ವೇರ್ ಬದಲಾಯಿಸಿ ಎಂದು ಯಾರಿಗೂ ಹೇಳಬೇಡ. ಒಂದರ ತಿದ್ದುಪಡಿ ಇನ್ನೊಂದಕ್ಕೆ ಪೂರ್ತಿ ಅರ್ಥವಾಗುವುದಿಲ್ಲ. ಸ್ಲೈಡರ್ ಹುಡುಕುತ್ತಾ ಕೂತರೆ ಕಡೂರಿನವರು ಮನೆಗೇ ಬರುತ್ತಾರೆ.

ಬಿಟ್ಟಿ_ಪೆಂಗ್ವಿನ್ (ಹಾಸನ) · ಗುರುವಾರ ಸಂಜೆ 6:47

ಸರಿ ಕಣಣ್ಣ, ಆಷಾಢದಲ್ಲಿ ಹೇಳುತ್ತೇನೆ.

ಗಿರಿತಪ್ಪಲು (ಚಿಕ್ಕಮಗಳೂರು) · ಶುಕ್ರವಾರ ಬೆಳಿಗ್ಗೆ 9:40

ಮುಗಿಯಿತು. ಪೂರ್ತಿ 19 ಗಂಟೆ. ಎರಡು ಸಲ ತಾನಾಗೇ ಡಿಸ್‌ಕನೆಕ್ಟ್ ಆಯಿತು, ಅರ್ಧ ಅರ್ಧ ಗಂಟೆ ಆರಲು ಬಿಟ್ಟು ಮುಂದುವರಿಸಿದೆ. ರಾತ್ರಿ ನಿದ್ದೆ ಇಲ್ಲ. ಮನೆಯವಳು ಮೂರು ಸಲ ಕಾಫಿ ಮಾಡಿಕೊಟ್ಟಳು, ಮೂರನೇ ಸಲ ಮಾತಾಡಲಿಲ್ಲ.

ಸುಮಾರು 31,000 ಫೈಲ್‌ನಲ್ಲಿ 9 ಬರಲಿಲ್ಲ. ಒಂಬತ್ತೂ ಕಡೂರಿನ ಮದುವೆಯದೇ. ಎಂಟು ಊಟದ ಹಾಲ್. ಒಂದು ಮಾತ್ರ ಧಾರೆ. ಹುಡುಗಿಯ ಅಪ್ಪ ನೀರು ಬಿಡುವಾಗ ಕಣ್ಣು ಒರೆಸಿಕೊಂಡದ್ದು. ಅದು ತೆಗೆದದ್ದು ನನಗೆ ಚೆನ್ನಾಗಿ ನೆನಪಿದೆ, ಆಲ್ಬಂನ ನಡುಪುಟಕ್ಕೆ ಎಂದು ಸ್ಟಾರ್ ಕೊಟ್ಟಿದ್ದೆ.

ಕಾಜಾಣ (ಕೊಪ್ಪ) · ಶುಕ್ರವಾರ ಬೆಳಿಗ್ಗೆ 9:52

31 ಸಾವಿರದಲ್ಲಿ 9! ದೇವರು ದೊಡ್ಡವನು.

ಆ ದಿನ ಬಳಸಿದ ಕಾರ್ಡ್ ಎಲ್ಲಿದೆ? ಅದರಲ್ಲಿ ಆಮೇಲೆ ಏನಾದರೂ ತೆಗೆದಿದ್ದೀರಾ?

ಗಿರಿತಪ್ಪಲು (ಚಿಕ್ಕಮಗಳೂರು) · ಶುಕ್ರವಾರ ಬೆಳಿಗ್ಗೆ 10:01

ಎರಡು ಕಾರ್ಡ್ ಬಳಸಿದ್ದೆ. ಎರಡನ್ನೂ ಫಾರ್ಮ್ಯಾಟ್ ಮಾಡಿದ್ದೇನೆ. ಒಂದರಲ್ಲಿ ತರೀಕೆರೆ ಗೃಹಪ್ರವೇಶ ತೆಗೆದೆ. ಇನ್ನೊಂದು ಬ್ಯಾಗಿನಲ್ಲಿದೆ, ಮುಟ್ಟಿಲ್ಲ.

ಕಾಜಾಣ (ಕೊಪ್ಪ) · ಶುಕ್ರವಾರ ಬೆಳಿಗ್ಗೆ 10:04

ಮುಟ್ಟದ್ದನ್ನು ಮುಟ್ಟದೇ ಇಡಿ. ಫಾರ್ಮ್ಯಾಟ್ ಮಾಡಿದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಹೋಗುವುದು ವಿಳಾಸದ ಪಟ್ಟಿ ಅಷ್ಟೇ, ಮನೆಗಳು ಅಲ್ಲೇ ಇರುತ್ತವೆ. ಅದರ ಮೇಲೆ ಹೊಸದಾಗಿ ಬರೆದರೆ ಮಾತ್ರ ಹೋದ ಹಾಗೆ. ಫೋಟೋರೆಕ್ ಎಂಬ ಉಚಿತ ಪ್ರೋಗ್ರಾಂ ಇದೆ. ಕಾರ್ಡಿನ ಲಾಕ್ ಕೆಳಗೆ ಮಾಡಿ, ರೀಡರ್‌ಗೆ ಹಾಕಿ, ಸಿಕ್ಕಿದ್ದನ್ನು ಲ್ಯಾಪ್‌ಟಾಪ್‌ಗೆ ಬರೆಸಿ, ಕಾರ್ಡಿಗಲ್ಲ. ಹೆಸರುಗಳು ಕಳೆದುಹೋಗಿರುತ್ತವೆ, ನೋಡಿ ನೋಡಿ ಹುಡುಕಬೇಕು.

ಗಿರಿತಪ್ಪಲು (ಚಿಕ್ಕಮಗಳೂರು) · ಶುಕ್ರವಾರ ಮಧ್ಯಾಹ್ನ 3:15

6 ಸಿಕ್ಕವು. ಅಪ್ಪ ಸಿಕ್ಕರು.

ಮಂಟಪದ_ಮೂಲೆ (ಅರಸೀಕೆರೆ) · ಶುಕ್ರವಾರ ಮಧ್ಯಾಹ್ನ 3:30

ಆ ಫೋಟೋ ದೊಡ್ಡದಾಗಿ ಹಾಕಿ. ಉಳಿದ ಮೂರು ಊಟದ ಎಲೆ ತಾನೆ? ಹೋಗಲಿ ಬಿಡಿ.

ಗಿರಿತಪ್ಪಲು (ಚಿಕ್ಕಮಗಳೂರು) · ಶುಕ್ರವಾರ ಸಂಜೆ 5:00

ಈಗ ಮುಂದಕ್ಕೆ ಹೇಳಿ. 90 ಸಾವಿರ ಉಳಿಯುತ್ತಾ? ಮತ್ತೆ ಇದು ಇನ್ನೊಂದು ಸಲ ಆಗಬಾರದು ಎಂದರೆ ಏನು ಮಾಡಲಿ? ಗೂಗಲ್ ಫೋಟೋಸ್‌ಗೆ ಹಾಕಿಬಿಡಲಾ?

ಹೇಮಾವತಿ_ತೀರ (ಹಾಸನ) · ಶುಕ್ರವಾರ ರಾತ್ರಿ 8:30

ಉಳಿಯುತ್ತದೆ. ಒಳಗಿನ 256ರ ಬದಲು 1 ಟಿಬಿ ಎಸ್‌ಎಸ್‌ಡಿ, ಇನ್ನೊಂದು 8 ಜಿಬಿ ರ‍್ಯಾಮ್. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಜಾಗ ಖಾಲಿ ಇದೆಯಾ ಎಂದು ಮೊದಲು ಬಿಚ್ಚಿಸಿ ನೋಡಿ. ಕೆಲವದರಲ್ಲಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬಿಚ್ಚಿದಾಗ ಫ್ಯಾನಿನ ಧೂಳೂ ತೆಗೆಸಿ.

ಕ್ಯಾಟಲಾಗ್, ಪ್ರಿವ್ಯೂ, ಕ್ಯಾಮೆರಾ ರಾ ಕ್ಯಾಶ್ (ತೆರೆದ ರಾ ಫೋಟೋಗಳ ಲೆಕ್ಕವನ್ನು ಲೈಟ್‌ರೂಮ್ ತಾತ್ಕಾಲಿಕವಾಗಿ ಇಡುವ ಜಾಗ) ಒಳಗಿನ ಎಸ್‌ಎಸ್‌ಡಿಯಲ್ಲಿ. ಕ್ಯಾಶ್ ಮೊದಲು 5 ಜಿಬಿಯಷ್ಟೇ ಇರುತ್ತದೆ, 20 ಮಾಡಿಕೊಳ್ಳಿ. ಈಗ ಎಡಿಟ್ ಮಾಡುತ್ತಿರುವ ಮದುವೆಯೂ ಒಳಗೇ ಇರಲಿ. ಮುಗಿದದ್ದು ಮಾತ್ರ ಹೊರಗಿನ ಡಿಸ್ಕ್‌ಗೆ.

ಇಂಪೋರ್ಟ್ ಮಾಡುವಾಗ ಸ್ಮಾರ್ಟ್ ಪ್ರಿವ್ಯೂ ಕಟ್ಟಿಸಿ. ಉದ್ದ ಬದಿ 2,560 ಪಿಕ್ಸೆಲ್ ಇರುವ ಹಗುರ ಪ್ರತಿ ಅದು. ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್‌ನಲ್ಲಿ "ಮೂಲದ ಬದಲು ಸ್ಮಾರ್ಟ್ ಪ್ರಿವ್ಯೂ ಬಳಸು" ಎಂಬುದನ್ನು ಆನ್ ಮಾಡಿದರೆ ಹಳೆ ಲ್ಯಾಪ್‌ಟಾಪ್ ಕೂಡ ಹಾರುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಅದು ಮೂಲ ಫೈಲನ್ನೇ ತಗೊಳ್ಳುತ್ತದೆ, ಚಿಂತೆ ಇಲ್ಲ. ಫೋಕಸ್ ಪರೀಕ್ಷೆ ಮಾಡುವಾಗ ಮಾತ್ರ ಆಫ್ ಮಾಡಿ ನೋಡಿ. 2023ರಲ್ಲಿ ಲೈಟ್‌ರೂಮ್‌ಗೆ ಬಂದ ಎಐ ಡಿನಾಯ್ಸ್, ಅಂದರೆ ಕತ್ತಲೆ ಫೋಟೋದ ಕಾಳು ಕಾಳು ತೆಗೆಯುವುದು, ಬೇರೆಯೇ ಕತೆ. ಅದರ ವೇಗ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ನಿಂತಿದೆ. ಆಲ್ಬಂಗೆ ಆರಿಸಿದ ಕತ್ತಲೆ ಫೋಟೋಗಳಿಗೆ ಮಾತ್ರ ಹಾಕಿ, ರಾತ್ರಿ ಓಡಲು ಬಿಟ್ಟು ಮಲಗಿ.

ಕಾಜಾಣ (ಕೊಪ್ಪ) · ಶುಕ್ರವಾರ ರಾತ್ರಿ 9:10

ಇಡುವ ವಿಷಯ ನಾನು ಹೇಳುತ್ತೇನೆ, ಪೆಟ್ಟು ತಿಂದವಳು ನಾನು.

ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ 2021ರ ಜೂನ್ 1ಕ್ಕೇ ಮುಗಿಯಿತು. ಈಗ ಉಚಿತ 15 ಜಿಬಿ, ಅದೂ ಮೇಲ್ ಎಲ್ಲ ಸೇರಿ. ನಿಮ್ಮ ಒಂದು ಮದುವೆಯೇ 70 ಜಿಬಿ. ಜಾಗ ಉಳಿಸುವ ಆಯ್ಕೆ ಹಾಕಿದರೆ ಫೋಟೋ ಕುಗ್ಗುತ್ತದೆ. ದುಡ್ಡು ಕೊಟ್ಟು ಕ್ಲೌಡ್ ತಗೊಂಡರೂ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ಒಂದು ಮದುವೆ ಹೋಗಲು 8 ಗಂಟೆ ಹತ್ತಿರ. ಪೇಟೆಯಲ್ಲಿ ಫೈಬರ್ ಇರುವ ನಿಮಗೆ ಆದೀತು. ನಮ್ಮಲ್ಲಿ ಮಳೆಗಾಲದಲ್ಲಿ ವೈರ್ ಮೇಲೆ ಮರ ಬಿದ್ದರೆ ಒಂದು ವಾರ ನೆಟ್ ಇಲ್ಲ. ನಾನು ಆರಿಸಿದ 200 ಫೋಟೋದ ರಾ ಮತ್ತು ಕ್ಯಾಟಲಾಗ್ ಮಾತ್ರ ಮೇಲೆ ಕಳಿಸುತ್ತೇನೆ.

ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್ ಜನಪ್ರಿಯ ಮಾಡಿದ 3-2-1 ಲೆಕ್ಕ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ಆ ಕೊನೆಯ ಒಂದೇ ಎಲ್ಲರೂ ಬಿಡುವುದು. ನನ್ನ ಪರಿಚಯದವರೊಬ್ಬರು ಎರಡು ಡಿಸ್ಕ್ ಇಟ್ಟಿದ್ದರು, ಎರಡನ್ನೂ ಒಂದೇ ಬ್ಯಾಗಿನಲ್ಲಿ. ಬಸ್ಸಿನಲ್ಲಿ ಬ್ಯಾಗ್ ಹೋಯಿತು.

ಸಿಂಕ್ ಮಾಡುವ ಫೋಲ್ಡರನ್ನು ಬ್ಯಾಕಪ್ ಎಂದುಕೊಳ್ಳಬೇಡಿ. ಇಲ್ಲಿ ತಪ್ಪಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಕರೆಂಟ್ ಕೊಡದೇ ಬೀರುವಿನಲ್ಲಿ ಇಡಬೇಡಿ, ಅದರೊಳಗಿನ ಚಾರ್ಜ್ ನಿಧಾನಕ್ಕೆ ಸೋರುತ್ತದೆ. ಇಡಲು ಹಾರ್ಡ್ ಡಿಸ್ಕೇ ಸರಿ, ಮೂರು ತಿಂಗಳಿಗೊಮ್ಮೆ ಓಡಿಸಿ ನೋಡಬೇಕು. ಎಲ್ಲಕ್ಕಿಂತ ಮೊದಲು, ಎರಡು ಕಡೆ ಕಾಪಿ ಆಗಿ, ನಾಲ್ಕು ಫೋಟೋ ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಬಿಟ್ಟಿ_ಪೆಂಗ್ವಿನ್ (ಹಾಸನ) · ಶುಕ್ರವಾರ ರಾತ್ರಿ 9:30

ನಾಲ್ಕು ಫೋಟೋ ತೆರೆದು ನೋಡಿದರೆ ಆ ನಾಲ್ಕು ಸರಿ ಇವೆ ಎಂದು ಗೊತ್ತಾಗುತ್ತದೆ, ಅಷ್ಟೇ. ಚೆಕ್‌ಸಮ್ ಹಾಕಿ. ಪ್ರತಿ ಫೈಲ್‌ಗೆ ಒಂದು ಬೆರಳಚ್ಚು ಲೆಕ್ಕ ಹಾಕಿ ಬರೆದಿಡುವುದು. ಒಂದು ಬಿಟ್ ಬದಲಾದರೂ ಬೆರಳಚ್ಚು ಬೇರೆ ಬರುತ್ತದೆ. ಟೆರಾಕಾಪಿ ಎಂಬ ಕಾಪಿ ಮಾಡುವ ಪ್ರೋಗ್ರಾಂನಲ್ಲಿ ವೆರಿಫೈ ಎಂದು ಒತ್ತಿದರೆ ಕಾಪಿ ಆದ ಮೇಲೆ ಅದೇ ಹೋಲಿಸಿ ಹೇಳುತ್ತದೆ.

ಕಾಜಾಣ (ಕೊಪ್ಪ) · ಶುಕ್ರವಾರ ರಾತ್ರಿ 9:33

ಇದು ಒಪ್ಪಿದೆ ಮಾರಾಯ. ನಾನೂ ಇವತ್ತಿನಿಂದ ಮಾಡುತ್ತೇನೆ.

ಗಿರಿತಪ್ಪಲು (ಚಿಕ್ಕಮಗಳೂರು) · ಮುಂದಿನ ಶನಿವಾರ ಸಂಜೆ 7:05

ಎಸ್‌ಎಸ್‌ಡಿ, ರ‍್ಯಾಮ್ ಹಾಕಿಸಿದೆ. ಫ್ಯಾನಿನಿಂದ ಒಂದು ಹಿಡಿ ಧೂಳು, ಒಂದು ಇರುವೆ ಗೂಡು ಬಂತು. ಸ್ಟಾಪ್‌ವಾಚ್ ಇಟ್ಟೆ: 12 ಸೆಕೆಂಡ್ ಇದ್ದದ್ದು ಈಗ 1 ಚಿಲ್ಲರೆ. ಕಡೂರಿನ ಆಲ್ಬಂ ನಿನ್ನೆ ಪ್ರಿಂಟಿಗೆ ಹೋಯಿತು.

ಎರಡು ಡಿಸ್ಕ್‌ನಲ್ಲಿ ಎಲ್ಲ ಹಾಕಿದೆ. ಒಂದು ಇಲ್ಲಿ, ಒಂದು ಹಾಸನದಲ್ಲಿ ತಂಗಿ ಮನೆಯಲ್ಲಿ. ಅವಳು ಜೋಪಾನವಾಗಿರಲಿ ಎಂದು ಅಡುಗೆಮನೆಯಲ್ಲಿ ಅಕ್ಕಿ ಡ್ರಮ್ಮಿನೊಳಗೆ ಇಟ್ಟಿದ್ದಳಂತೆ. ಅಕ್ಕಿ ತೇವ ಹೀರುತ್ತದೆ ಎಂದು ಯಾರೋ ಹೇಳಿದ್ದರಂತೆ.

ಹಳೆ ಡಿಸ್ಕ್ ಏನು ಮಾಡಲಿ? ಗುಜರಿಗೆ ಹಾಕಲಾ?

ಕಾಜಾಣ (ಕೊಪ್ಪ) · ಮುಂದಿನ ಶನಿವಾರ ಸಂಜೆ 7:20

ತಂಗಿಗೆ ಹೇಳಿ, ಗಾಳಿಯಾಡದ ಡಬ್ಬ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ. ಅಕ್ಕಿಯ ಹಿಟ್ಟು ಪೋರ್ಟ್ ಒಳಗೆ ಹೋಗುತ್ತದೆ.

ಹಳೆಯದನ್ನು ಈಗಲೇ ಬಿಸಾಡಬೇಡಿ. 11 ಮನೆಯವರ ಫೋಟೋ ಅದರಲ್ಲಿದೆ, ಗುಜರಿಯವನಿಂದ ಯಾರ ಕೈಗೆ ಹೋಗುತ್ತದೋ. ಹೊಸ ಎರಡೂ ಸರಿ ಇವೆ ಎಂದು ಖಾತ್ರಿಯಾದ ಮೇಲೆ ಡಿಸ್ಕ್ ಒಳಗಿನ ತಟ್ಟೆಗೆ ತೂತು ಹೊಡೆದು ಹಾಕಿ.

ಮಂಟಪದ_ಮೂಲೆ (ಅರಸೀಕೆರೆ) · ಮುಂದಿನ ಶನಿವಾರ ರಾತ್ರಿ 8:02

ಈ ಚರ್ಚೆ ಓದಿ ನನ್ನ ಬಿಸ್ಕತ್ ಡಬ್ಬ ತೆಗೆದು ನೋಡಿದೆ. ಮೂರು ರೋಲ್‌ಗೆ ಬೂಷ್ಟು ಹಿಡಿದಿದೆ. ಸ್ಕ್ಯಾನ್ ಮಾಡುವುದು ಹೇಗೆ ಎಂದು ಯಾರಾದರೂ ಹೇಳುತ್ತೀರಾ?